ಮೊಬೈಲ್ ಇದೆಯಲ್ಲ, ಇನ್ನೇಕೆ ಊರ ರೇಡಿಯೊ ಎನ್ನುವವರಿಗೆ

ಸಮುದಾಯ ಬಾನುಲಿಯ ಕಾಲ ಮುಗಿಯಿತು ಎಂಬ ಮಾತು ಈಚೆಗೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಅಂಗೈಯಲ್ಲಿ ಇಂಟರ್ನೆಟ್ ಇರುವಾಗ 100 ವ್ಯಾಟ್‌ನ ಟ್ರಾನ್ಸ್‌ಮಿಟರ್, 30 ಮೀಟರ್ ಕಂಬ, ದಿಲ್ಲಿಯ ಪರವಾನಗಿ ಇವೆಲ್ಲ ಯಾರಿಗೆ ಬೇಕು ಎಂದು ಕೇಳುವವರಲ್ಲಿ ಹಳ್ಳಿಗಳ ಬಗ್ಗೆ ನಿಜವಾದ ಕಾಳಜಿ ಉಳ್ಳವರೂ ಇದ್ದಾರೆ. ಅವರಿಗೆ ಉತ್ತರ ಕೊಡಬೇಕಾದ್ದು ನ್ಯಾಯ.

ಅವರ ಮೊದಲ ವಾದ: ಯೂಟ್ಯೂಬ್ ಬಂದ ಮೇಲೆ ಎಲ್ಲರೂ ಪ್ರಸಾರಕರೇ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿ ಶುರುವಾದಾಗ ಹಳ್ಳಿಯವರು ರೇಡಿಯೊ ಪ್ರಸಾರ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. ತರಂಗಾಂತರ ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ, ಶಿಕ್ಷಣ ಸಂಸ್ಥೆಗಳ ಆಚೆಗೆ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆದದ್ದು 2006ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಬೂದಿಕೋಟೆಯವರು ಕೈಕಟ್ಟಿ ಕೂರಲಿಲ್ಲ. ಸ್ವಸಹಾಯ ಸಂಘದ ಹೆಂಗಸರು ಕಾರ್ಯಕ್ರಮ ಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು, ಧ್ವನಿವರ್ಧಕ ಬಳಸಿದರು. ಆಮೇಲೆ ಕೇಬಲ್ ತಂತಿಯಲ್ಲಿ ಧ್ವನಿ ಹರಿಸಿ ಟಿವಿ ಇದ್ದ ಮನೆಗಳಿಗೆ ತಲುಪಿಸಿದರು. ಎಫ್‌ಎಂ ಇಲ್ಲದೆಯೇ ಅವರ ರೇಡಿಯೊ ನಡೆಯಿತು. ಇಂಟರ್ನೆಟ್ಟನ್ನೂ ಅವರು ಹಾಗೆಯೇ ಬಳಸಿಕೊಳ್ಳಬಲ್ಲರು, ಅದಕ್ಕೆ ಯಾರದೂ ತಕರಾರಿಲ್ಲ. ಯಾವ ಮಾತು ಯಾರ ಕಿವಿಗೆ ಬೀಳಬೇಕೆಂದು ತೀರ್ಮಾನಿಸುವವರು ಯಾರು ಎಂಬುದರ ಬಗ್ಗೆ ಮಾತ್ರ ನನ್ನ ತಕರಾರು. ಬೂದಿಕೋಟೆಯಲ್ಲಿ ಅದನ್ನು ಊರವರು ಕೂತು ತೀರ್ಮಾನಿಸಿದರು. ಯೂಟ್ಯೂಬಿನಲ್ಲಿ ತೀರ್ಮಾನಿಸುವುದು ಕಂಪನಿಯ ಲೆಕ್ಕಾಚಾರ. ಅಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಕನಿಷ್ಠ 1,000 ಚಂದಾದಾರರು ಬೇಕು. ಮಾಮೂಲಿ ವಿಡಿಯೊಗಳಾದರೆ ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಬೇಕು. ಅದರ ಬೆನ್ನು ಹತ್ತಿದ ಹಳ್ಳಿಯ ಹುಡುಗ ರಾಗಿಯ ಬೆಲೆಯನ್ನು ಬಿಟ್ಟು ಸಿನಿಮಾ ನಟರ ಜಗಳಕ್ಕೆ ಬರುತ್ತಾನೆ. ತಪ್ಪು ಅವನದಲ್ಲ.

‘ಕೇಳುವವರು ಎಷ್ಟು ಮಂದಿ?’ ಎಂಬುದು ಎರಡನೆಯ ಪ್ರಶ್ನೆ. ಕಡಿಮೆಯೇ. ಹತ್ತು ಹದಿನೈದು ಕಿಲೋಮೀಟರ್ ದಾಟದ ನಿಲಯಕ್ಕೆ ರಾಜ್ಯವ್ಯಾಪಿ ವಾಹಿನಿಯ ಅಳತೆ ಹಿಡಿದರೆ ಅದು ಸೋಲಲೇಬೇಕು. ಆದರೆ ಪಾಂಬನ್‌ನ ‘ಕಡಲ್ ಓಸೈ’ ಮೀನುಗಾರರಿಗೆ ಹೇಳುವ ಗಾಳಿಯ ವೇಗ ಮಧುರೈಯವರಿಗೆ ಬೇಕಾಗಿಲ್ಲ, ದೋಣಿ ಇಳಿಸುವವನಿಗೆ ಅದು ಜೀವದ ಮಾತು. ಮಂಗಳೂರಿನ ‘ಸಾರಂಗ್’ನಲ್ಲಿ ಕನ್ನಡದ ಜೊತೆಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳಿಗೂ ಜಾಗವಿದೆ. ಬ್ಯಾರಿಯಲ್ಲಿ ಆರೋಗ್ಯದ ಮಾತು ಕೇಳಿಸಲು ಯಾವ ದೊಡ್ಡ ವಾಹಿನಿ ಮುಂದೆ ಬಂದಿದೆ? ಕೇಳುಗರು ಕಡಿಮೆಯಾಗುವುದಕ್ಕೆ ಫೋನ್ ತಯಾರಕರದೂ ಪಾಲಿದೆ. ಇಯರ್‌ಫೋನ್ ತಂತಿಯನ್ನೇ ಆಂಟೆನಾ ಮಾಡಿಕೊಂಡು, ಡೇಟಾ ಖರ್ಚಿಲ್ಲದೆ ಹಾಡುತ್ತಿದ್ದ ಎಫ್‌ಎಂ ಅನೇಕ ಹೊಸ ಫೋನುಗಳಲ್ಲಿ ಇಲ್ಲವಾಯಿತು. ಆ ಸೌಲಭ್ಯವನ್ನು ಮುಚ್ಚಬೇಡಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ಅವರಿಗೆ ಸಲಹೆ ಕೊಡಬೇಕಾಯಿತು.

ಮೂರನೆಯ ವಾದ ನನ್ನನ್ನು ಹೆಚ್ಚು ಕಾಡುತ್ತದೆ: ಹಳ್ಳಿಯ ರೇಡಿಯೊಗೆ ಸುದ್ದಿ ಬಿತ್ತರಿಸಲು ಬಿಟ್ಟರೆ ಗಲಭೆ ಎಬ್ಬಿಸುತ್ತಾರೆ ಎನ್ನುವುದು. ಈ ಭಯದಿಂದಲೇ ಸಮುದಾಯ ನಿಲಯಗಳು ಆಕಾಶವಾಣಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಮರುಪ್ರಸಾರ ಮಾಡಬಹುದೇ ಹೊರತು ತಮ್ಮದೇ ಸುದ್ದಿ ಓದುವಂತಿಲ್ಲ. ಪರವಾನಗಿ ಯಾರಿಗೆ ಸಿಗುತ್ತದೆ ನೋಡಿ. ವ್ಯಕ್ತಿಗಳಿಗೆ ಇಲ್ಲ, ರಾಜಕೀಯ ಪಕ್ಷಗಳಿಗೂ ಅವುಗಳ ಅಂಗಸಂಸ್ಥೆಗಳಿಗೂ ಇಲ್ಲ, ಲಾಭಕ್ಕೆ ನಡೆಯುವ ಸಂಸ್ಥೆಗೂ ಇಲ್ಲ. ಸ್ವಯಂಸೇವಾ ಸಂಸ್ಥೆಯಾದರೆ ಕನಿಷ್ಠ ಮೂರು ವರ್ಷ ಅಲ್ಲಿನ ಜನರ ನಡುವೆ ಕೆಲಸ ಮಾಡಿರಬೇಕು. ಬಿತ್ತರಿಸಿದ ಪ್ರತಿ ಕಾರ್ಯಕ್ರಮದ ಧ್ವನಿಮುದ್ರಿಕೆಯನ್ನು ಮೂರು ತಿಂಗಳು ಕಾದಿಡಬೇಕು. ಇಷ್ಟು ಕಟ್ಟುಪಾಡಿನಲ್ಲಿರುವ, ಬಾಗಿಲು ತಟ್ಟಿ ಜಗಳ ಆಡಬಹುದಾದ ವಿಳಾಸವಿರುವ ನಿಲಯವು ಗ್ರಾಮ ಪಂಚಾಯಿತಿ ಸಭೆಯಲ್ಲಿ ಯಾರು ಏನು ಕೇಳಿದರು ಎಂದು ವರದಿ ಮಾಡಲು ಅಳುಕಬೇಕು. ಅದೇ ಹೊತ್ತಿಗೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ಹೆಸರು, ವಿಳಾಸ ಇಲ್ಲದೆ ಊರೂರು ಸುತ್ತುತ್ತದೆ. 2018ರಲ್ಲಿ ಅಂಥ ವದಂತಿ ನಂಬಿದ ಗುಂಪು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಪರಿಚಿತ ದನಿಯೊಂದು ‘ಇದು ಸುಳ್ಳು, ಪೊಲೀಸರನ್ನು ವಿಚಾರಿಸಿದ್ದೇವೆ’ ಎಂದು ಊರವರದೇ ಮಾತಿನಲ್ಲಿ ಹೇಳುವ ವ್ಯವಸ್ಥೆ ಊರೂರಿನಲ್ಲೂ ಇರಬೇಕು. ಸುದ್ದಿಯ ನಿಷೇಧ ಅಂಥ ದನಿಯನ್ನೇ ಕಟ್ಟಿಹಾಕುತ್ತದೆ.

ಅನೇಕ ನಿಲಯಗಳು ತಮ್ಮನ್ನು ನಡೆಸುವ ಸಂಸ್ಥೆಯ ತುತ್ತೂರಿಯಾಗಿವೆ ಎಂಬ ಟೀಕೆಯನ್ನು ಒಪ್ಪುತ್ತೇನೆ. ಕಾಲೇಜಿನ ಸಮಾರಂಭದ ಭಾಷಣವನ್ನೇ ದಿನವಿಡೀ ಹಾಕುವ ನಿಲಯಕ್ಕೆ ಸಮುದಾಯದ ಹೆಸರು ಒಪ್ಪುವುದಿಲ್ಲ. 2024ರ ಮಾರ್ಗಸೂಚಿಯು ನಿಲಯದ ಸಲಹಾ ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರು ಇರಬೇಕೆಂದಿದೆ. ಆ ಸಮಿತಿ ಸಭೆ ಸೇರುತ್ತದೆಯೇ, ಕಾರ್ಯಕ್ರಮ ನಿರ್ಧರಿಸುತ್ತದೆಯೇ ಎಂದು ಪರವಾನಗಿ ನವೀಕರಿಸುವಾಗ ನೋಡಲಿ.

ಕೊನೆಯದು ದುಡ್ಡಿನ ಮಾತು: ‘ಗಟ್ಟಿಯಿದ್ದರೆ ತಾನೇ ಬದುಕಲಿ.’ ಈಗ ಗಂಟೆಗೆ 12 ನಿಮಿಷ ಜಾಹೀರಾತಿಗೆ ಅವಕಾಶವಿದೆ, ದರ 10 ಸೆಕೆಂಡಿಗೆ 74 ರೂಪಾಯಿ. ಆದರೆ ಬೂದಿಕೋಟೆಯಂಥ ಊರಿನಲ್ಲಿ ಆ 12 ನಿಮಿಷ ಕೊಳ್ಳುವ ಅಂಗಡಿ ಎಲ್ಲಿದೆ? ಅಮೆರಿಕದ ಊರುಗಳು ಈ ಪ್ರಶ್ನೆಗೆ ಬೇರೆ ದಾರಿ ಹುಡುಕಿದವು. ಕೇಬಲ್ ಕಂಪನಿ ಸಾರ್ವಜನಿಕ ರಸ್ತೆಯಲ್ಲಿ ತಂತಿ ಎಳೆಯುತ್ತದೆ, ಆದ್ದರಿಂದ ಅದರ ಕೇಬಲ್ ವರಮಾನದಲ್ಲಿ ಶೇ 5ರವರೆಗೆ ಊರಾಡಳಿತ ಶುಲ್ಕ ಪಡೆಯಬಹುದು ಎಂದಿತು 1984ರ ಕೇಬಲ್ ಕಾಯ್ದೆ. ಸಾಮಾನ್ಯರು ಕಾರ್ಯಕ್ರಮ ಮಾಡುವ ಸಾರ್ವಜನಿಕ ಟಿವಿ ವಾಹಿನಿಗಳು ಅನೇಕ ಕಡೆ ಈ ಹಣದಿಂದ ಬದುಕಿದವು. ಜನ ಕೇಬಲ್ ಬಿಟ್ಟು ಇಂಟರ್ನೆಟ್ಟಿಗೆ ಹೋದಂತೆ ಆ ವರಮಾನ ಕರಗುತ್ತಿದೆ, ಏಕೆಂದರೆ ಶುಲ್ಕ ಇರುವುದು ಕೇಬಲ್ ಮೇಲೆ. ನಾವು ಆ ತಪ್ಪು ಮಾಡಬೇಕಿಲ್ಲ. ನಮ್ಮಲ್ಲಿ ದೂರಸಂಪರ್ಕ ಕಂಪನಿಗಳು ವರಮಾನದ ಶೇ 5 ಭಾಗವನ್ನು ಗ್ರಾಮೀಣ ಸಂಪರ್ಕಕ್ಕೆಂದು ಕೊಡುತ್ತವೆ. ಅದರ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂಬ ಹೆಸರು. ಊರಿನ ರೇಡಿಯೊಗೂ ಆ ನಿಧಿಯಲ್ಲಿ ಪಾಲು ಇರಲಿ. ಅದನ್ನು ಹಂಚುವ ಕೆಲಸ ಸಚಿವಾಲಯದ ಕೈಯಲ್ಲಿರದೆ ಸ್ವತಂತ್ರ ಮಂಡಳಿಯ ಕೈಯಲ್ಲಿರಲಿ. ಇಲ್ಲದಿದ್ದರೆ ನಾಳೆ ನೀರು ಬಿಡದ ಅಧಿಕಾರಿಯ ಹೆಸರು ಹೇಳಿದ ನಿಲಯಕ್ಕೆ ನಾಡಿದ್ದು ಅನುದಾನ ನಿಲ್ಲುತ್ತದೆ.