ಕುಸಿದದ್ದು ಆಟವೋ, ಅಂಗಳವೋ

1925ರಲ್ಲಿ ಗ್ವಾಲಿಯರ್‌ನಲ್ಲಿ ಕಟ್ಟಿದ ಹಾಕಿ ಒಕ್ಕೂಟದ ಲೆಕ್ಕ ಹಿಡಿದರೆ, 2025ರ ನವೆಂಬರ್ 7ಕ್ಕೆ ಭಾರತದ ಹಾಕಿಗೆ ನೂರು ತುಂಬಿತು. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಕಡೆ ಅದರ ಸದ್ದು ಅಷ್ಟಾಗಿ ಕೇಳಿಸಲಿಲ್ಲ. ಅದರಲ್ಲಿ ಅಚ್ಚರಿಯೇನೂ ಇಲ್ಲ. ಈ ಸೀಮೆಯ ಹುಡುಗರ ಆಟವೆಂದರೆ ಕಬಡ್ಡಿ, ಕೊಕ್ಕೊ, ಕುಸ್ತಿ, ವಾಲಿಬಾಲ್, ಇವೆಲ್ಲಕ್ಕಿಂತ ಹೆಚ್ಚಾಗಿ ಕ್ರಿಕೆಟ್. ಹಾಕಿ ಸ್ಟಿಕ್ ಕೈಯಲ್ಲಿ ಹಿಡಿಯದೆಯೇ ಎಸ್ಸೆಸ್ಸೆಲ್ಸಿ ಮುಗಿಸುವವರೇ ಇಲ್ಲಿ ಬಹಳ. ಆದರೂ ಈ ಶತಮಾನದ ಏಳುಬೀಳಿನ ಲೆಕ್ಕವನ್ನು ಇಲ್ಲಿ ಕೂತು ತೆಗೆಯುವುದಕ್ಕೆ ಒಂದು ಕಾರಣವಿದೆ. ಆಟದಲ್ಲಿ ಕುಸಿತ ಅಂದಾಗ ಬೇರೆಬೇರೆ ಎರಡು ಸಂಗತಿಗಳನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ, ಹಾಗಾಗಿ ಒಂದಕ್ಕೆ ಮಾಡಬೇಕಾದ ಔಷಧವನ್ನು ಇನ್ನೊಂದಕ್ಕೆ ಹಚ್ಚುತ್ತೇವೆ. ಆ ತಪ್ಪಿನ ಫಲ ಎದ್ದು ಕಾಣುವುದು ಇಂಥ ತಾಲ್ಲೂಕುಗಳಲ್ಲೇ.

ಮೊದಲು ಹೋದ ವರ್ಷದ್ದೇ ನೋಡೋಣ. 2025ರ ಜೂನ್‌ನಲ್ಲಿ ಯುರೋಪಿನಲ್ಲಿ ನಡೆದ ಪ್ರೊ ಲೀಗ್ ಪಂದ್ಯಗಳಲ್ಲಿ ಭಾರತದ ಪುರುಷರು ಸಾಲಾಗಿ ಏಳು ಸೋತರು. ನೆದರ್‌ಲೆಂಡ್ಸ್ ವಿರುದ್ಧ 1-2, 2-3. ಅರ್ಜೆಂಟೀನಾ ವಿರುದ್ಧ 3-4, 1-2. ಆಸ್ಟ್ರೇಲಿಯಾ ವಿರುದ್ಧ ಎರಡು ಸಲವೂ 2-3. ಬೆಲ್ಜಿಯಂ ವಿರುದ್ಧ 3-6. ಕೊನೆಯ ಪಂದ್ಯದಲ್ಲಿ ಅದೇ ಬೆಲ್ಜಿಯಂ ಮೇಲೆ 4-3ರಿಂದ ಗೆದ್ದು ಮಾನ ಉಳಿಸಿಕೊಂಡರೂ ಒಂಬತ್ತು ತಂಡಗಳ ಪಟ್ಟಿಯಲ್ಲಿ ಎಂಟನೆಯ ಸ್ಥಾನವೇ ಗತಿಯಾಯಿತು. ಒಲಿಂಪಿಕ್ಸ್ ಕಂಚು ಗೆದ್ದು ವರ್ಷ ತುಂಬುವುದರೊಳಗೆ ಹೀಗಾಯಿತಲ್ಲ ಎಂದು ಹಲಬಿದವರು ಬಹಳ. ಆದರೆ ಅಂಕಿಗಳನ್ನು ಮತ್ತೊಮ್ಮೆ ಓದಬೇಕು. ಏಳರಲ್ಲಿ ಆರು ಸೋಲಿನ ಅಂತರ ಒಂದೇ ಗೋಲು. ಮುಳುಗಿಹೋದ ತಂಡ ಹೀಗೆ ಸೋಲುವುದಿಲ್ಲ. ಪ್ರತಿ ಸಲವೂ ದಡದ ತನಕ ಬಂದು ಕಾಲು ಜಾರಿದವರ ಸೋಲು ಇದು.

ಮೂರು ತಿಂಗಳೊಳಗೆ, ಸೆಪ್ಟೆಂಬರ್ 7ರಂದು, ಬಿಹಾರದ ರಾಜಗೀರ್‌ನಲ್ಲಿ ಇದೇ ತಂಡ ಕೊರಿಯಾವನ್ನು 4-1ರಿಂದ ಮಣಿಸಿ ಏಷ್ಯಾ ಕಪ್ ಎತ್ತಿತು, 2026ರ ವಿಶ್ವಕಪ್‌ಗೆ ನೇರ ಅರ್ಹತೆಯನ್ನೂ ಪಡೆಯಿತು. ನಡುವೆ ಬದಲಾದದ್ದೇನು? ಕೋಚ್ ಕ್ರೇಗ್ ಫುಲ್ಟನ್ ಅವರೇ, ನಾಯಕ ಹರ್ಮನ್‌ಪ್ರೀತ್ ಸಿಂಗ್ ಅವರೇ. ಯಾರ ತಲೆದಂಡವೂ ಆಗಲಿಲ್ಲ. ಏಷ್ಯಾದ ಎದುರಾಳಿಗಳು ಡಚ್ಚರಷ್ಟು ಗಟ್ಟಿಯಲ್ಲ ಎಂಬುದನ್ನೂ ಹೇಳಿಬಿಡಬೇಕು, ಇಲ್ಲವಾದರೆ ಈ ಗೆಲುವಿನ ತೂಕ ಹೆಚ್ಚಾದೀತು. ಆದರೂ ಗಾಬರಿಬಿದ್ದು ಎಲ್ಲವನ್ನೂ ಕಿತ್ತುಹಾಕದೆ ಇದ್ದದ್ದೇ ಈ ಚೇತರಿಕೆಯ ಅರ್ಧ ಗುಟ್ಟು ಎಂಬುದು ನಮ್ಮ ಅಭಿಪ್ರಾಯ.

ಹರ್ಮನ್‌ಪ್ರೀತ್ ಕತೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ತಂಡದ ಪರ ಅತಿ ಹೆಚ್ಚು ಗೋಲು ಹೊಡೆದ ಡ್ರ್ಯಾಗ್ ಫ್ಲಿಕರ್ ಆತ. 2023ರ ಜನವರಿಯಲ್ಲಿ ನಾಯಕನಾಗಿ ತವರಿನ ವಿಶ್ವಕಪ್‌ಗೆ ಇಳಿದಾಗ ಕೈ ಕಟ್ಟಿಹಾಕಿದಂತಾಯಿತು. ಪೆನಾಲ್ಟಿ ಕಾರ್ನರ್‌ಗಳು ಸಾಲುಸಾಲಾಗಿ ಬಂದವು, ಬಂದಷ್ಟು ಗೋಲು ಆಗಲಿಲ್ಲ. ಭುವನೇಶ್ವರದಲ್ಲಿ ನ್ಯೂಜಿಲೆಂಡ್ ಜೊತೆ 3-3 ಸಮ ಮಾಡಿ ಶೂಟೌಟಿನಲ್ಲಿ ಸೋತು ಭಾರತ ಕ್ವಾರ್ಟರ್‌ಫೈನಲ್ ಕೂಡ ಮುಟ್ಟಲಿಲ್ಲ. ಬೈಗುಳವೆಲ್ಲ ಒಬ್ಬನ ಹೆಗಲಿಗೆ ಬಂತು. ಆದರೆ ಪೆನಾಲ್ಟಿ ಕಾರ್ನರ್ ಒಬ್ಬನ ಕೆಲಸವಲ್ಲ. ಹಿಂಗೆರೆಯಿಂದ ಚೆಂಡು ದೂಡುವವನು ಒಬ್ಬ, ವೃತ್ತದ ಹೊರಗೆ ಅದನ್ನು ತಡೆದು ನಿಲ್ಲಿಸುವವನು ಇನ್ನೊಬ್ಬ, ಆಮೇಲೆ ಫ್ಲಿಕ್ ಮಾಡುವವನು. ಮೊದಲ ದೂಡಿಕೆ ರೆಪ್ಪೆ ಮಿಟುಕಿಸುವಷ್ಟು ತಡವಾದರೆ ಎದುರಿನಿಂದ ನುಗ್ಗಿ ಬರುವ ರಷರ್ ಅಷ್ಟು ಹತ್ತಿರ ಬಂದಿರುತ್ತಾನೆ. ಚೆಂಡು ಸ್ವಲ್ಪ ಜಿಗಿದು ನಿಂತರೆ ಫ್ಲಿಕರ್‌ನ ಹೆಜ್ಜೆಯ ಲೆಕ್ಕ ತಪ್ಪುತ್ತದೆ. ಸ್ಕೋರು ಪುಸ್ತಕದಲ್ಲಿ ಬರೆಯುವುದು ಮಾತ್ರ ಫ್ಲಿಕರ್ ಹೆಸರು! ಒಬ್ಬನ ಕುಸಿತ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ಪಕ್ಕದವನದು ಎಂದು ನೋಡುವ ತಾಳ್ಮೆ ಗ್ಯಾಲರಿಗಿಲ್ಲ. ಕೋಚ್‌ಗಾದರೂ ಇರಬೇಕು.

ಆ ವಿಶ್ವಕಪ್ ಮುಗಿಯುತ್ತಲೇ ಕೋಚ್ ಗ್ರಹಾಂ ರೀಡ್ ಹುದ್ದೆ ಬಿಟ್ಟರು. ಆಟಗಾರರ ಮನಸ್ಸಿನ ಕಡೆ ನೋಡಿಕೊಳ್ಳುವ ತಜ್ಞರೊಬ್ಬರು ತಂಡಕ್ಕೆ ಬೇಕು ಎಂದು ಸೋಲಿನ ಬೆನ್ನಿಗೇ ಹೇಳಿದವರು ಅವರೇ. 2011ರಲ್ಲಿ ವಿಶ್ವಕಪ್ ಗೆದ್ದ ಕ್ರಿಕೆಟ್ ತಂಡದೊಂದಿಗಿದ್ದ ಪ್ಯಾಡಿ ಅಪ್ಟನ್ ಆ ವರ್ಷವೇ ಹಾಕಿ ತಂಡ ಸೇರಿಕೊಂಡರು. ನಾಯಕತ್ವ ಹರ್ಮನ್‌ಪ್ರೀತ್ ಕೈಯಲ್ಲೇ ಉಳಿಯಿತು. ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಜಪಾನ್ ವಿರುದ್ಧ 5-1. ಮರುವರ್ಷ ಪ್ಯಾರಿಸ್‌ನಲ್ಲಿ ಆತ ಹೊಡೆದದ್ದು 10 ಗೋಲು, ಇಡೀ ಕೂಟದಲ್ಲೇ ಹೆಚ್ಚು. ಸ್ಪೇನ್ ವಿರುದ್ಧದ ಕಂಚಿನ ಪಂದ್ಯದ ಎರಡೂ ಗೋಲು ಆತನವೇ. ಆಟಗಾರನ ಕುಸಿತಕ್ಕೆ ಇರುವ ಔಷಧ ಇಷ್ಟೇ: ಕೈಬಿಡದ ಕೋಚ್, ಮನಸ್ಸಿನ ಭಾರ ಇಳಿಸಿಕೊಳ್ಳಲು ಒಂದು ಜಾಗ, ಮತ್ತೆ ಅದೇ ಹಳೆಯ ಬುಡದ ಅಭ್ಯಾಸ. ಗೋಲು ಬರುತ್ತಿಲ್ಲವೆಂದು ಸ್ಟಿಕ್, ನಿಲುವು, ಹಿಡಿತ ಎಲ್ಲವನ್ನೂ ಒಂದೇ ವಾರದಲ್ಲಿ ಬದಲಿಸಿಕೊಂಡವನಿಗೆ ಕೆಟ್ಟದ್ದು ಯಾವುದು ಎಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ.

ಎಲ್ಲ ಕುಸಿತಕ್ಕೂ ಇಂಥ ತಿರುವು ಸಿಗುತ್ತದೆ ಎಂದೇನಿಲ್ಲ. ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದು ದೇಶವನ್ನು ಅಳಿಸಿದ ಮಹಿಳೆಯರ ತಂಡ 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್‌ಗೆ 0-1ರಿಂದ ಸೋತು ಪ್ಯಾರಿಸ್ ತಪ್ಪಿಸಿಕೊಂಡಿತು. 2025ರಲ್ಲಿ ಪ್ರೊ ಲೀಗಿನ ತಳಕ್ಕೆ ಬಿದ್ದು ಕೆಳಗಿನ ಹಂತಕ್ಕೆ ಇಳಿಯಿತು. ಈ ಅವಧಿಯಲ್ಲಿ ಕೋಚ್‌ಗಳು ಬದಲಾಗುತ್ತಲೇ ಇದ್ದರು. ಪುರುಷರಿಗೆ ಸಿಕ್ಕ ತಾಳ್ಮೆ ಇವರಿಗೆ ಸಿಕ್ಕಿತೇ ಎಂಬ ಪ್ರಶ್ನೆಗೆ ಆಡಳಿತದವರು ಉತ್ತರಿಸಬೇಕು.

ಇನ್ನೊಂದು ಬಗೆಯ ಕುಸಿತದಲ್ಲಿ ಆಟಗಾರನ ಮನಸ್ಸಿಗೆ ಪಾತ್ರವೇ ಇಲ್ಲ. 1928ರಿಂದ 1956ರ ತನಕ ಸತತ ಆರು ಚಿನ್ನ ಗೆದ್ದ ದೇಶ 1976ರ ಮಾಂಟ್ರಿಯಲ್‌ನಲ್ಲಿ ಏಳನೆಯದಾಯಿತು. ಒಲಿಂಪಿಕ್ಸ್ ಹಾಕಿಗೆ ಕೃತಕ ಹುಲ್ಲು ಬಂದದ್ದು ಅದೇ ವರ್ಷ. 1980ರಲ್ಲಿ ಹಲವು ದೇಶಗಳು ಬಾರದ ಮಾಸ್ಕೋದಲ್ಲಿ ಚಿನ್ನ ಬಂತು, ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಮುಂದೆ 1986ರ ವಿಶ್ವಕಪ್‌ನಲ್ಲಿ ಕೊನೆಯ ಸ್ಥಾನ. 2008ರಲ್ಲಿ ಚಿಲಿಯ ಸಾಂಟಿಯಾಗೊದಲ್ಲಿ ಬ್ರಿಟನ್‌ಗೆ ಸೋತು ಬೀಜಿಂಗ್‌ಗೆ ಹೋಗಲೇ ಇಲ್ಲ. 2012ರ ಲಂಡನ್‌ನಲ್ಲಿ ಹನ್ನೆರಡರಲ್ಲಿ ಹನ್ನೆರಡನೆಯದು. ಮಣ್ಣಿನಲ್ಲಿ ಕಲಿತ ಮಣಿಕಟ್ಟಿನ ಚಳಕ ನುಣುಪು ಹಾಸಿನ ಮೇಲೆ ಓಟಕ್ಕೆ, ಉಸಿರಿಗೆ, ನೇರ ಪಾಸಿಗೆ ಸೋತುಹೋಯಿತು. ಮಕ್ಕಳು ಮಣ್ಣಿನಲ್ಲಿ ಕಲಿಯುತ್ತಿದ್ದರು, ಪರೀಕ್ಷೆ ಟರ್ಫಿನ ಮೇಲೆ ನಡೆಯುತ್ತಿತ್ತು. ಇದು ಅಂಗಳದ ಕುಸಿತ. ಇದಕ್ಕೆ ಅಪ್ಟನ್ ಬಂದು ಮಾಡುವುದು ಏನೂ ಇಲ್ಲ. 2018ರಿಂದ ರಾಷ್ಟ್ರೀಯ ತಂಡಗಳ ಬೆನ್ನಿಗೆ ನಿಂತ ಒಡಿಶಾ ಈ ಬೇರನ್ನು ಹಿಡಿಯಿತು. ತನ್ನ ಸುಂದರಗಡ ಜಿಲ್ಲೆಯಲ್ಲಿ ಬ್ಲಾಕ್‌ಗೊಂದು ಟರ್ಫ್ ಹಾಕುವ ಯೋಜನೆಗೆ ಕೈಹಾಕಿತು. ಬ್ಲಾಕ್ ಎಂದರೆ ನಮ್ಮ ರೋಣ, ನರಗುಂದದ ಅಳತೆಯ ಘಟಕ ಎಂಬುದನ್ನು ಗಮನಿಸಿ.

ಕರ್ನಾಟಕದ ಲೆಕ್ಕ ಬೇರೆಯೇ ನೋವಿನದು. 2016ರ ರಿಯೊ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಇದ್ದರು, ನಾಲ್ವರೂ ಕೊಡಗಿನವರು. ಕಂಚು ಬಂದ ಟೋಕಿಯೊ, ಪ್ಯಾರಿಸ್ ತಂಡಗಳಲ್ಲಿ ನಮ್ಮ ರಾಜ್ಯದ ಒಬ್ಬ ಆಟಗಾರನೂ ಇಲ್ಲ. ದೇಶ ಎದ್ದು ನಿಂತ ಹೊತ್ತಿಗೇ ನಾವು ಕೂತುಬಿಟ್ಟೆವು. ಕೊಡಗಿನಲ್ಲಿ ಆಟದ ಹುಚ್ಚು ಇಳಿದಿದೆ ಎಂದು ಯಾರೂ ಹೇಳಲಾರರು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳಿಗೆ ಬೆಳೆದು ಗಿನ್ನೆಸ್ ಪುಸ್ತಕ ಸೇರಿತು. ಬೇರು ಅಷ್ಟು ಆಳಕ್ಕಿದ್ದೂ ತುದಿಯಲ್ಲಿ ಫಲ ಕಾಣದಿದ್ದರೆ ನಡುವಿನ ಹಂತಗಳನ್ನು, ಅಂದರೆ ಹಾಸ್ಟೆಲು, ಟರ್ಫು, ನೌಕರಿಯನ್ನು, ತಡಕಬೇಕಾಗುತ್ತದೆ. 2025ರ ಡಿಸೆಂಬರಿನಲ್ಲಿ 0-2ರ ಹಿನ್ನಡೆಯಿಂದ ಎದ್ದು ಅರ್ಜೆಂಟೀನಾವನ್ನು 4-2ರಿಂದ ಸೋಲಿಸಿ ಕಂಚು ಗೆದ್ದ ಕಿರಿಯರ ವಿಶ್ವಕಪ್ ತಂಡದಲ್ಲಿ ಸುನಿಲ್ ಪಾಲಾಕ್ಷಪ್ಪ ಬೆನ್ನೂರ ಎಂಬ ಹೆಸರು ಕಂಡಾಗ ನಮಗೆ ಖುಷಿಯಾಯಿತು. ಇಲ್ಲಿನ ಶಾಲೆಗಳ ಹಾಜರಿ ಪುಸ್ತಕದಲ್ಲಿ ದಿನಾ ಕೂಗುವಂಥ ಹೆಸರು ಅದು.

ಗದಗ ಜಿಲ್ಲೆಗೆ ಹಾಕಿ ಹೊಸದಲ್ಲ. ಬೆಟಗೇರಿಯ ಸೆಟ್ಲಮೆಂಟಿನಲ್ಲಿ ಆಟ ತಲೆಮಾರುಗಳಿಂದ ಇದೆ. ಹಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಕರೆದ 1871ರ ಕಾನೂನಿನ ನೆರಳಲ್ಲಿ ಬ್ರಿಟಿಷರು ಬೇಲಿ ಹಾಕಿ ಕೂಡಿಸಿದ ವಸತಿ ಅದು. 1952ರಲ್ಲಿ ಕಾನೂನು ರದ್ದಾಯಿತು, ಬೇಲಿ ಹೋಯಿತು, ಸ್ಟಿಕ್ಕು ಮಾತ್ರ ಉಳಿಯಿತು. ಹಾಕಿಯ ಬಲದಿಂದ ರೈಲ್ವೆ, ಪೊಲೀಸ್, ಸೇನೆ ಸೇರಿದವರು ಅಲ್ಲಿದ್ದಾರೆ. ಪಕ್ಕದ ಹುಬ್ಬಳ್ಳಿಯ ಸೆಟ್ಲಮೆಂಟಿನದೂ ಹೆಚ್ಚುಕಡಿಮೆ ಇದೇ ಕತೆ. ಇಷ್ಟಾದರೂ ಬೆಟಗೇರಿಯ ಆಟ ನಲವತ್ತೈವತ್ತು ಕಿಲೋಮೀಟರ್ ದಾಟಿ ರೋಣಕ್ಕೋ ನರಗುಂದಕ್ಕೋ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದಕ್ಕೆ ಕಾಲ ಕೆಳಗಿನ ನೆಲವನ್ನೇ ಕೇಳಬೇಕು. ನರಗುಂದ, ರೋಣದ್ದು ಎರಿ ನೆಲ. ಮಳೆ ಬಂತೆಂದರೆ ಅಂಟು ರಾಡಿ, ಬೇಸಿಗೆ ಬಂತೆಂದರೆ ಕೈ ತೂರುವಷ್ಟು ಬಿರುಕು. ಹೆಸರು, ಕಡಲೆ, ಬಿಳಿಜೋಳಕ್ಕೆ ಬಂಗಾರದಂಥ ಭೂಮಿ. ಚೆಂಡು ಉರುಳಬೇಕಾದ ಆಟಕ್ಕೆ ಮಾತ್ರ ಒಗ್ಗದು. ಕೊಕ್ಕೊ, ಕಬಡ್ಡಿಗೆ ಸಣ್ಣ ಅಂಕಣ ಹದ ಮಾಡಿದರೆ ಸಾಕು. ಹಾಕಿಗೆ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಸಮತಟ್ಟು ಬೇಕು, ಚೆಂಡು ಎಲ್ಲಿಯೂ ಪುಟಿಯಬಾರದು. ಗುಡ್ಡದ ಬದಿಯ ಗಜೇಂದ್ರಗಡದ ಮಸಾರಿ, ಗರಸು ನೆಲ ಇದಕ್ಕಿಂತ ವಾಸಿ. ಈ ಮೂರರಲ್ಲಿ ಹಾಕಿ ಮೊಳೆಯುವುದಾದರೆ ಅಲ್ಲಿಯೇ ಮೊದಲು.

ಇಷ್ಟು ಹೇಳಿದರೆ "ಮನಸ್ಸ ಮಾಡಿದ್ರ ಏನ್ ಆಗೂದಿಲ್ರೀ?" ಎಂಬ ಮಾತು ತಕ್ಷಣ ಬರುತ್ತದೆ. ಬೆನ್ನಿಗೆ ಗದಗಿನ ಸುನೀಲ ಜೋಶಿಯವರ ಕತೆ: ನಸುಕಿನಲ್ಲಿ ಎದ್ದು ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮಾಡಿ, ಮರಳಿ ಬಂದು ಶಾಲೆಗೆ ಕೂತ ಹುಡುಗ ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಆರು ರನ್ನಿಗೆ ಐದು ವಿಕೆಟ್ ಕಿತ್ತದ್ದು. ಜೋಶಿಯವರ ಛಲಕ್ಕೆ ಸಲಾಂ. ಆದರೆ ಆ ಕತೆಯನ್ನು ವೇದಿಕೆಯ ಮೇಲೆ ಹೆಚ್ಚು ಹೇಳುವವರು ಮೈದಾನ ಮಾಡಿಸಬೇಕಾದವರೇ ಎಂಬುದು ನಮ್ಮ ತಕರಾರು. ಛಲವಿದ್ದ ಒಬ್ಬ ಹುಬ್ಬಳ್ಳಿಗೆ ಹೋದ. ಹಾಕಿಗೆ ಹನ್ನೊಂದು ಜನ ಬೇಕು, ಎದುರಿಗೆ ಇನ್ನೂ ಹನ್ನೊಂದು. ತಾಲ್ಲೂಕು ಕೂಟದಲ್ಲಿ ಸೋತ ಹುಡುಗರನ್ನು ನಿಲ್ಲಿಸಿ "ಹುರುಪಿಲ್ಲ ನಿಮಗ" ಎಂದು ಬೈಯುವುದು ಅಂಗಳದ ಕುಸಿತವನ್ನು ಹುಡುಗರ ತಲೆಗೆ ಕಟ್ಟಿದ ಹಾಗೆ. ಕೆಳಗೆ ಬೀಳಲು ಮೊದಲು ಮೇಲೆ ಹತ್ತಿರಬೇಕಲ್ಲ!

ಹಾಗೆಂದು ಮೂರು ಊರಿಗೂ ಕೋಟಿಗಟ್ಟಲೆ ರೂಪಾಯಿಯ ನೀರುಣಿಸುವ ಟರ್ಫ್ ಬೇಡುವುದೂ ಜಾಣತನವಲ್ಲ. ಆ ಹಾಸಿಗೆ ಪ್ರತಿ ಪಂದ್ಯಕ್ಕೂ ಸಾವಿರಾರು ಲೀಟರ್ ನೀರು ಹೊಯ್ಯಬೇಕು. ಕಳಸಾ-ಬಂಡೂರಿ ನೀರಿಗಾಗಿ 2015ರಿಂದ ವರ್ಷಗಟ್ಟಲೆ ಧರಣಿ ಕೂತ ನರಗುಂದದಲ್ಲಿ ಅಂಥ ಹಾಸು ಹಾಸಿದರೆ ರೈತರು ನಕ್ಕಾರು, ಇಲ್ಲವೇ ಸಿಟ್ಟಾದಾರು. ಮರಳು ತುಂಬಿದ, ನೀರು ಬೇಡದ ಹಾಸುಗಳೂ ಇವೆ. ಐವರ ಹಾಕಿಗೆ ಜಾಗವೂ ಅರ್ಧದಷ್ಟೇ ಸಾಕು. ಗಜೇಂದ್ರಗಡದಲ್ಲಿ ಗರಸು ಹಾಕಿ ರೋಲರ್ ಹೊಡೆದ ಒಂದು ಅಂಗಳ, ರೋಣದಲ್ಲಿ ಐವರ ಆಟಕ್ಕೊಂದು ಸಣ್ಣ ಒಣ ಹಾಸು, ವಾರಕ್ಕೆರಡು ದಿನ ಬಂದು ಕಲಿಸಲು ಬೆಟಗೇರಿಯ ಹಳೆಯ ಆಟಗಾರರಿಗೆ ಗೌರವಧನ. ಮೂರು ತಾಲ್ಲೂಕಿಗೆ ಸದ್ಯ ಇಷ್ಟು ಸಾಕು. ಇದರಲ್ಲಿ ಮೂರನೆಯದಕ್ಕೆ ಟೆಂಡರೂ ಬೇಡ.

2026ರ ಆಗಸ್ಟ್‌ನಲ್ಲಿ ನೆದರ್‌ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ವಿಶ್ವಕಪ್. ಏಳು ಪಂದ್ಯ ಸೋತ ಅದೇ ಸೀಮೆಗೆ ಹರ್ಮನ್‌ಪ್ರೀತ್ ತಂಡ ಮರಳಬೇಕಿದೆ. ಅದೇ ಹೊತ್ತಿಗೆ ಇಲ್ಲಿ ಹೆಸರಿನ ರಾಶಿ ನಡೆದಿರುತ್ತದೆ, ಶಾಲೆಗಳ ಕ್ರೀಡಾಕೂಟಗಳೂ ಶುರುವಾಗಿರುತ್ತವೆ. ಈ ಮೂರು ತಾಲ್ಲೂಕುಗಳಿಂದ ಒಂದು ಹಾಕಿ ತಂಡವಾದರೂ ಹೆಸರು ನೋಂದಾಯಿಸಬೇಕಾದರೆ ಸ್ಟಿಕ್ಕುಗಳು ಜೂನ್‌ಗೆ ಮುಂಚೆ ಶಾಲೆಗೆ ಬಂದಿರಬೇಕು.