ಹೆಸರು ಸಿಕ್ಕಿತು ಸರಿ, ಪುಟ ಓದಿದ್ರಾ?

ವಂಶವೃಕ್ಷ ಅಂದ ಕೂಡಲೇ ಕಣ್ಣ ಮುಂದೆ ಬರೋದು ಒಂದು ಟ್ರೀ ಡಯಾಗ್ರಾಮ್. ಮೇಲೆ ಒಬ್ಬ ಮುತ್ತಜ್ಜ, ಕೆಳಗೆ ಕವಲು ಕವಲಾಗಿ ಮಕ್ಕಳು, ಮೊಮ್ಮಕ್ಕಳು. ಒಬ್ಬೊಬ್ಬರಿಗೂ ಒಂದು ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಡೇಟಾ ಸ್ಟ್ರಕ್ಚರ್ಸ್ ಪಾಸಾದವರಿಗೆ ಇದು ಹತ್ತು ನಿಮಿಷದ ಕೆಲಸ. ಆದರೆ ನಮ್ಮ ಅಭಿಪ್ರಾಯ ಏನಂದರೆ, ಹೆಸರು ಮತ್ತು ತಾರೀಖು ಸಿಕ್ಕಿದಲ್ಲಿಗೆ ನಿಲ್ಲಿಸಿದರೆ ಅದು ಕುಟುಂಬದ ಇತಿಹಾಸ ಅಲ್ಲ, ಬರೀ ಹಾಜರಿ ಪಟ್ಟಿ. ಈ ಮಾತನ್ನು ಡೆನ್ಮಾರ್ಕನ್ನು ಇಟ್ಟುಕೊಂಡು ಹೇಳುತ್ತೇವೆ.

ಡೆನ್ಮಾರ್ಕೇ ಯಾಕೆ? ಮಿನಿ ಪ್ರಾಜೆಕ್ಟ್‌ಗೆ ಅಂತ ಹಳೇ ಕೈಬರಹದ ದಾಖಲೆಗಳನ್ನು ಹುಡುಕುವಾಗ ನಮಗೆ ಸಿಕ್ಕ ದೇಶ ಅದು. ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಚರ್ಚ್ ಪುಸ್ತಕಗಳನ್ನೂ ಜನಗಣತಿಯ ಪುಟಗಳನ್ನೂ ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ಪ್ರಾಜೆಕ್ಟ್ ಮುಗಿದು ಮಾರ್ಕ್ಸೂ ಬಂತು, ಈ ದಾಖಲೆಗಳ ಬಗ್ಗೆ ಓದೋದು ಮಾತ್ರ ನಿಲ್ಲಲಿಲ್ಲ.

ಊರೂರಿನ ಪಾದ್ರಿ ಹುಟ್ಟು, ಮದುವೆ, ಸಾವು ಬರೆದಿಡಬೇಕು ಅಂತ ಅಲ್ಲಿ ಆಜ್ಞೆಯಾಗಿದ್ದು 1640ರ ದಶಕದಲ್ಲಿ. 1814ರಲ್ಲಿ ಇನ್ನೊಂದು ನಿಯಮ ಬಂತು. ಪುಸ್ತಕಕ್ಕೆ ಎರಡು ಪ್ರತಿ ಇರಬೇಕು, ಒಂದು ಪಾದ್ರಿಯ ಹತ್ತಿರ, ಇನ್ನೊಂದು ಚರ್ಚಿನ ಗುಮಾಸ್ತನ ಹತ್ತಿರ. ಎರಡೂ ರಾತ್ರಿ ಹೊತ್ತು ಒಂದೇ ಸೂರಿನ ಕೆಳಗೆ ಇರಕೂಡದು. ಯಾಕಂದರೆ ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದು ಪ್ರತಿ ಉಳಿಯಬೇಕು. ಕಂಪ್ಯೂಟರ್ ಹುಟ್ಟುವ ಮುಂಚೆಯೇ ಬ್ಯಾಕಪ್ ಅನ್ನೋದನ್ನು ಇಷ್ಟು ಶಿಸ್ತಾಗಿ ಮಾಡಿದ್ದರು ಅಂದರೆ ತಲೆಬಾಗಲೇಬೇಕು. ನಮ್ಮ ಅರ್ಧ ಕ್ಲಾಸಿನ ಅಸೈನ್‌ಮೆಂಟುಗಳು ಒಂದೇ ಪೆನ್‌ಡ್ರೈವ್ ನಂಬಿಕೊಂಡು ಕೂತಿವೆ.

ಜನಗಣತಿಯೂ ಹಾಗೇ. ಇಡೀ ದೇಶದ ಜನರನ್ನು ಹೆಸರು ಸಮೇತ ಬರೆದ ಮೊದಲ ಗಣತಿ 1787ರದ್ದು. ಮನೆಯಲ್ಲಿ ಯಾರು ಯಾರು, ವಯಸ್ಸೆಷ್ಟು, ಕಸುಬೇನು, ಮದುವೆಯಾಗಿದ್ದರೆ ಇದು ಎಷ್ಟನೇ ಮದುವೆ, ಎಲ್ಲ ಅದರಲ್ಲಿದೆ. 1845ರಿಂದ ಹುಟ್ಟಿದ ಊರೂ ಸೇರಿತು.

ಇಷ್ಟೆಲ್ಲ ಇದ್ದರೆ ಹುಡುಕೋದು ಸುಲಭ ಅಲ್ವಾ ಅಂದರೆ, ಅಷ್ಟು ಸುಲಭ ಅಲ್ಲ. ಅಲ್ಲಿ ಹಿಂದೆ ಸಾಮಾನ್ಯ ಜನರಿಗೆ ಮನೆತನದ ಹೆಸರು ಇರಲಿಲ್ಲ. ನಮ್ಮಲ್ಲಿ ಅಪ್ಪನ ಹೆಸರು ಇನಿಶಿಯಲ್ ಆಗಿ ಬರುತ್ತಲ್ಲ, ಅಲ್ಲಿ ಬಾಲದ ಥರ ಅಂಟಿಕೊಳ್ಳುತ್ತಿತ್ತು. ಪೀಡರ್‌ನ ಮಗ ಯೆನ್ಸ್ ಆದರೆ ಯೆನ್ಸ್ ಪೀಡರ್ಸನ್. ಮಗಳಾದರೆ ಪೀಡರ್ಸ್‌ದಾಟರ್. ಯೆನ್ಸನ ಮಗ ಮತ್ತೆ ಯೆನ್ಸನ್. ಅಂದರೆ ತಲೆಮಾರಿಗೊಂದು ಹೆಸರು. ಜೊತೆಗೆ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ ಬೇರೆ. ಹೀಗಾಗಿ ಒಂದೇ ಊರಲ್ಲಿ ಒಂದೇ ಹೆಸರಿನವರು ಹಲವರು ಇರೋದು ಮಾಮೂಲು. ಪ್ರೈಮರಿ ಕೀ ಇಲ್ಲದ ಟೇಬಲ್ ಅಂದುಕೊಳ್ಳಿ. ಮನೆತನದ ಹೆಸರು ಸ್ಥಿರವಾಗಿರಲಿ ಅಂತ ಸರ್ಕಾರ 1828ರಲ್ಲೇ ಹೇಳಿದರೂ ಹಳ್ಳಿಯವರು ಎಷ್ಟೋ ವರ್ಷ ತಮ್ಮ ಪಾಡಿಗೆ ಹಳೇ ಕ್ರಮದಲ್ಲೇ ನಡೆದರು.

ಹಾಗಿದ್ದರೆ ಸರಿಯಾದ ಯೆನ್ಸ್ ಯಾರು ಅಂತ ಗೊತ್ತು ಮಾಡೋದು ಹೇಗೆ? ಇಲ್ಲೇ ನಮ್ಮ ವಾದದ ತಿರುಳಿರೋದು. ಹೆಸರಿನಿಂದ ಗೊತ್ತಾಗಲ್ಲ, ಬದುಕಿನಿಂದ ಗೊತ್ತಾಗುತ್ತೆ. ಮಗುವಿನ ನಾಮಕರಣಕ್ಕೆ ಸಾಕ್ಷಿ ನಿಂತವರು ಯಾರು, ಯಾವ ಜಮೀನು ಉಳುತ್ತಿದ್ದ, ಹೆಂಡತಿ ಯಾವ ಊರವಳು, ಪಕ್ಕದ ಮನೆಯವರು ಯಾರು, ಇದೆಲ್ಲ ಸೇರಿದಾಗ ಒಬ್ಬ ಮನುಷ್ಯ ಸಿಗುತ್ತಾನೆ. ದಿನನಿತ್ಯದ ಬದುಕು ಅನ್ನೋದು ವಂಶವೃಕ್ಷದ ಅಲಂಕಾರ ಅಲ್ಲ, ಅದೇ ಅದರ ಬೇರು.

ಆ ಬದುಕು ಎಷ್ಟು ವಿವರವಾಗಿ ಉಳಿದಿದೆ ನೋಡಿ. ಯಾರಾದರೂ ತೀರಿಕೊಂಡರೆ ಆಸ್ತಿ ಹಂಚಲು ಮನೆಯ ಸಾಮಾನನ್ನೆಲ್ಲ ಒಂದೊಂದಾಗಿ ಬರೆದು ಬೆಲೆ ಕಟ್ಟುತ್ತಿದ್ದರು. ಹಸು, ಕುರಿ, ಹಾಸಿಗೆ, ಪಾತ್ರೆ, ಸತ್ತವರ ಬಟ್ಟೆ ಕೂಡ. ಆಮೇಲೆ ಪಾಲು. ಮಗನಿಗೆ ಎರಡು ಪಾಲು, ಮಗಳಿಗೆ ಒಂದೇ ಪಾಲು ಅನ್ನೋದು ಕಾನೂನು. ಅದು ಸಮವಾಗಿದ್ದು 1857ರಲ್ಲಿ. ವಂಶವೃಕ್ಷದಲ್ಲಿ ಅಣ್ಣ ತಂಗಿ ಒಂದೇ ಸಾಲಲ್ಲಿ ಇರ್ತಾರೆ. ಆಸ್ತಿ ಪಟ್ಟಿ ಓದಿದರೆ ಮಾತ್ರ ಅವರು ಒಂದೇ ಸಾಲಲ್ಲಿ ಇರಲಿಲ್ಲ ಅಂತ ತಿಳಿಯೋದು.

ಇನ್ನೊಂದು ದಾಖಲೆ ನಮ್ಮನ್ನು ತುಂಬ ಕಾಡಿತು. ವಯಸ್ಸಾದ ರೈತ ಹೊಲವನ್ನು ಮಗನಿಗೋ ಅಳಿಯನಿಗೋ ಬಿಟ್ಟುಕೊಡುವಾಗ ಒಂದು ಕರಾರು ಬರೆಸುತ್ತಿದ್ದ. ನಮಗೆ ಇಂಥ ಕೋಣೆ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಉರಿಸಲು ಇಷ್ಟು ಸೌದೆ ಅಂತ. ಸತ್ತರೆ ಮರ್ಯಾದೆಯಿಂದ ಮಣ್ಣು ಮಾಡಬೇಕು ಅನ್ನೋದನ್ನೂ ಬರೆಸುತ್ತಿದ್ದರು. ಹೆತ್ತ ಮಗನ ಜೊತೆ ಇದನ್ನೆಲ್ಲ ಕಾಗದದ ಮೇಲೆ ಬರೆಸೋದಾ ಅಂತ ಮೊದಲು ಕಸಿವಿಸಿ ಆಗುತ್ತೆ. ಮತ್ತೆ ಓದಿದರೆ, ಯಾರ ಮುಂದೆಯೂ ಕೈಚಾಚದೆ ಮುದಿತನ ಕಳೆಯಬೇಕು ಅನ್ನೋ ಇಬ್ಬರು ಮುದುಕರು ಕಾಣಿಸುತ್ತಾರೆ. ಇದನ್ನು ಯಾವ ಟ್ರೀ ಡಯಾಗ್ರಾಮೂ ತೋರಿಸಲ್ಲ.

ಇದೆಲ್ಲ ಜನರ ಮೇಲಿನ ಪ್ರೀತಿಗೆ ಬರೆದಿಟ್ಟ ಪುಸ್ತಕಗಳು ಅಂತ ತಿಳಿಯೋದೂ ಬೇಡ. 1733ರಿಂದ 1788ರವರೆಗೆ ಡೆನ್ಮಾರ್ಕಿನ ರೈತಾಪಿ ಗಂಡಸರು ಹುಟ್ಟಿದ ಜಮೀನ್ದಾರಿಯನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ಆ ಕಟ್ಟು ಸಡಿಲವಾದ ಮೇಲೆ ಹಳ್ಳಿಯ ಗಂಡುಮಕ್ಕಳ ಹೆಸರನ್ನು ಸೈನ್ಯಕ್ಕಾಗಿ ಸರ್ಕಾರವೇ ಪಟ್ಟಿ ಮಾಡಿಟ್ಟಿತು, ಎತ್ತರದ ಅಳತೆ ಸಮೇತ. ಸಿಡುಬಿನ ಲಸಿಕೆ ಹಾಕಿಸಿಕೊಂಡ ವಿವರವೂ ಚರ್ಚ್ ಪುಸ್ತಕದಲ್ಲಿದೆ. ಯಾಕಂದರೆ 1810ರ ನಂತರ ಮದುವೆಯಾಗಲು ಅದು ಬೇಕಿತ್ತು. ಲಸಿಕೆ ಸರ್ಟಿಫಿಕೇಟ್ ಫೋನಲ್ಲಿ ಇಟ್ಟುಕೊಂಡು ಓಡಾಡಿದ ನಮಗೆ ಇದು ತಕ್ಷಣ ಅರ್ಥವಾಗುತ್ತೆ. ಅಂದು ಹಿಡಿತಕ್ಕಾಗಿ ಬರೆದಿದ್ದು ಇಂದು ನೆನಪಾಗಿ ಉಳಿದಿದೆ.

ಈ ಮಾತು ಇನ್ನಷ್ಟು ಚುಚ್ಚೋದು ಸಮುದ್ರದಾಚೆ. ಆಗಿನ ಡೆನ್ಮಾರ್ಕ್ ಯುರೋಪಿಗೆ ಮಾತ್ರ ಸೀಮಿತವಾಗಿರಲಿಲ್ಲ. ನಮ್ಮ ಪಕ್ಕದ ತಮಿಳುನಾಡಿನ ತರಂಗಂಬಾಡಿ 1620ರಿಂದ 1845ರವರೆಗೆ ಅವರ ವಸಾಹತು. ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯ್ ದ್ವೀಪಗಳೂ ಅವರದ್ದೇ, 1917ರಲ್ಲಿ ಅಮೆರಿಕಕ್ಕೆ ಮಾರುವವರೆಗೆ. ಅಲ್ಲಿ ಕಬ್ಬಿನ ತೋಟಗಳಿದ್ದವು, ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರಿದ್ದರು. 1848ರ ಜುಲೈ 3ರಂದು, ಅವರು ದಂಗೆ ಎದ್ದ ಮೇಲೆಯೇ, ಗವರ್ನರ್ ಬಿಡುಗಡೆ ಘೋಷಿಸಿದ್ದು.

ಆ ದ್ವೀಪಗಳಲ್ಲೂ ಆಸ್ತಿ ಪಟ್ಟಿಗಳನ್ನು ಬರೆಯುತ್ತಿದ್ದರು. ಅಲ್ಲಿ ಹಸು, ಪಾತ್ರೆಗಳ ಜೊತೆಗೆ ಮನುಷ್ಯರೂ ಇದ್ದಾರೆ. ಹೆಸರು, ಪಕ್ಕದಲ್ಲಿ ಬೆಲೆ. ಡೆನ್ಮಾರ್ಕಿನ ಮೊಮ್ಮಗನಿಗೆ ತನ್ನ ಮುತ್ತಜ್ಜಿಯ ಹಸುವಿನ ಬೆಲೆ ಗೊತ್ತಾಗುವ ಅದೇ ಬಗೆಯ ದಾಖಲೆಯಲ್ಲಿ ಸೇಂಟ್ ಕ್ರೋಯ್‌ನ ಮೊಮ್ಮಗಳಿಗೆ ತನ್ನ ಮುತ್ತಜ್ಜಿಯ ಬೆಲೆಯೇ ಸಿಗುತ್ತೆ. ಡೆನ್ಮಾರ್ಕಿನ ಕುಟುಂಬ ಇತಿಹಾಸ ಅಂದಾಗ ಇವರಿಬ್ಬರೂ ಸೇರುತ್ತಾರೆ. ಬರೀ ಹೆಸರು ಹುಡುಕಿ ಪುಟ ಮುಚ್ಚಿದರೆ ಈ ವ್ಯತ್ಯಾಸ ನಮ್ಮ ಗಮನಕ್ಕೇ ಬರಲ್ಲ.

2017ರಲ್ಲಿ, ದ್ವೀಪಗಳನ್ನು ಮಾರಿ ನೂರು ವರ್ಷ ತುಂಬಿದಾಗ, ಅಲ್ಲಿಗೆ ಸಂಬಂಧಿಸಿದ ಸುಮಾರು 50 ಲಕ್ಷ ಪುಟಗಳನ್ನು ಪತ್ರಾಗಾರ ಆನ್‌ಲೈನ್‌ಗೆ ಹಾಕಿತು. ಒಳ್ಳೆಯ ಕೆಲಸ, ಅನುಮಾನ ಇಲ್ಲ. ಆದರೆ ಹೆಚ್ಚಿನ ಪುಟಗಳು ಡೇನಿಷ್ ಭಾಷೆಯಲ್ಲಿವೆ, ಹಳೇ ಗೋಥಿಕ್ ಕೈಬರಹದಲ್ಲಿವೆ. ದ್ವೀಪದ ಜನರ ಭಾಷೆ ಇಂಗ್ಲಿಷ್. ಅಪ್‌ಲೋಡ್ ಮಾಡಿದ ಮಾತ್ರಕ್ಕೆ ತಲುಪಿದ ಹಾಗಾಗಲ್ಲ. ಗೋಥಿಕ್ ಬರಹವನ್ನು ಶಾಲೆಗಳಲ್ಲಿ 1875ರಲ್ಲೇ ಕೈಬಿಟ್ಟಿದ್ದರಿಂದ ಇವತ್ತಿನ ಡೇನರಿಗೇ ತಮ್ಮ ಮುತ್ತಜ್ಜನ ಬರಹ ಓದಲು ಕಷ್ಟ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಅಜ್ಜಿ ಬರೆದ ಕಾಗದವನ್ನು ಅಮ್ಮನ ಕೈಲಿ ಓದಿಸಿಕೊಳ್ಳುವ ನಮಗೆ ಆ ಕಷ್ಟವನ್ನು ಯಾರೂ ವಿವರಿಸಬೇಕಿಲ್ಲ.

"ಅದಕ್ಕೇನೀಗ, ಎಐ ಓದಿ ಹೇಳುತ್ತೆ" ಅಂತ ನಮ್ಮ ಗೆಳೆಯರು ಹೇಳಬಹುದು. ಹೌದು, ಯಂತ್ರಗಳು ಹಳೇ ಕೈಬರಹ ಓದಲು ಕಲಿಯುತ್ತಿವೆ. ಅದಕ್ಕೂ ಮೊದಲು ದಶಕಗಳಿಂದ ಸ್ವಯಂಸೇವಕರು ಕೂತು ಗಣತಿಯ ಪುಟಗಳನ್ನು ಸಾಲು ಸಾಲಾಗಿ ಟೈಪ್ ಮಾಡಿದ್ದಾರೆ. ಇದನ್ನು ನಾವು ಬೇಡ ಅನ್ನಲ್ಲ, ನಾವು ಕಲಿಯುತ್ತಿರೋದೇ ಇಂಥ ಯಂತ್ರ ಕಟ್ಟೋದನ್ನು. ಆದರೆ ಸರ್ಚ್ ಮಾಡೋ ಕೆಲಸ ಬಾಗಿಲು ತೋರಿಸೋದು ಮಾತ್ರ, ಒಳಗೆ ಹೋಗಬೇಕಾದವರು ನಾವು. ಮಗು ಸತ್ತ ತಾರೀಖು ಯಂತ್ರ ಕೊಡುತ್ತೆ. ಅದೇ ಪುಟದಲ್ಲಿ ಅದೇ ತಿಂಗಳು ಇನ್ನೆಷ್ಟು ಮನೆಗಳ ಮಕ್ಕಳು ಸತ್ತಿದ್ದಾರೆ ಅಂತ ಎಣಿಸಿದಾಗಲೇ ಊರಿಗೆ ಏನೋ ರೋಗ ಬಂದಿತ್ತು ಅಂತ ಹೊಳೆಯೋದು.

ಅದಕ್ಕೇ, ಯಾವ ದೇಶದವರೇ ಆಗಲಿ, ತಮ್ಮ ಹಿರಿಯರನ್ನು ಹುಡುಕುವಾಗ ವಂಶದಲ್ಲಿ ರಾಜ ಸಿಗ್ತಾನಾ, ಸರದಾರ ಸಿಗ್ತಾನಾ ಅಂತ ನೋಡೋದು ಬಿಡಬೇಕು ಅಂತೀವಿ ನಾವು. ದೊಡ್ಡವರ ಹೆಸರು ಉಳಿಯಲು ಯಾರ ಸಹಾಯವೂ ಬೇಕಿಲ್ಲ. ಡೆನ್ಮಾರ್ಕಿನ ಆ ಪುಸ್ತಕಗಳ ನಿಜವಾದ ಬೆಲೆ ಇರೋದು ದಿನಗೂಲಿಯವನ ಹೆಸರಲ್ಲಿ, ಅರ್ಧ ಪಾಲು ಪಡೆದ ಮಗಳ ಹೆಸರಲ್ಲಿ, ಬೆಲೆ ಕಟ್ಟಿಸಿಕೊಂಡ ಹೆಂಗಸಿನ ಹೆಸರಲ್ಲಿ. ಅವರ ಬಗ್ಗೆ ಇರೋದು ಕೆಲವೊಮ್ಮೆ ಒಂದೇ ಸಾಲು. ಆ ಸಾಲಿನ ಮೇಲೆ, ಕೆಳಗೆ ಏನಿದೆ ಅಂತ ಓದುವಷ್ಟು ಪುರುಸೊತ್ತಾದರೂ ನಾವು ಮಾಡಿಕೊಳ್ಳಬೇಕು.