ಮುಂದಿನ ಟೈರಿಗೂ ಹಿಂದಿನ ಟೈರಿಗೂ ಜೋಡಿ ಕೂಡಬೇಕು

ಎತ್ತು ಕಟ್ಟಿ ಬೇಸಾಯ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಎತ್ತು ಬಿರುಸು ನಡಿಗೆಯದು, ಇನ್ನೊಂದು ನಿಧಾನದ್ದು ಆದರೆ ನೊಗ ಓರೆಯಾಗುತ್ತದೆ, ಹೆಗಲು ಹುಣ್ಣಾಗುತ್ತದೆ. ಅಮೃತಮಹಲ್ ಕಾವಲುಗಳಿರುವ ನಮ್ಮ ಅಜ್ಜಂಪುರ ಸೀಮೆಯಲ್ಲಂತೂ ಹಲ್ಲು, ಎತ್ತರ, ನಡಿಗೆ ಮೂರನ್ನೂ ನೋಡದೆ ಹಿರಿಯರು ಜೋಡಿ ಕಟ್ಟುತ್ತಿರಲಿಲ್ಲ. ಈಗ ಅದೇ ಮನೆಗಳ ಅಂಗಳದಲ್ಲಿ ಫೋರ್ ವ್ಹೀಲ್ ಮಿನಿ ಟ್ರ್ಯಾಕ್ಟರ್ ನಿಂತಿದೆ. ಅದಕ್ಕೆ ಟೈರು ಹಾಕಿಸುವಾಗ ಮಾತ್ರ ನಾವು ಜೋಡಿ ನೋಡುವುದನ್ನು ಮರೆತಿದ್ದೇವೆ. ಅಂಗಡಿಯಲ್ಲಿ ಯಾವುದಿದೆಯೋ ಅದನ್ನು ಹಾಕಿಸಿಕೊಂಡು ಬರುತ್ತೇವೆ. ಇದು ದುಬಾರಿ ತಪ್ಪು. ಮಾಡಿದವರಲ್ಲಿ ನಾನೂ ಒಬ್ಬ.

ನನ್ನದು ಹಳೇ ಗಾಡಿ. ಪುಸ್ತಕದ ಪ್ರಕಾರ ಹಿಂದಕ್ಕೆ 8.3-20, ಮುಂದಕ್ಕೆ 6.00-12 ಟೈರು. ಹಿಂದಿನವು ಬೋಳಾದವು ಅಂತ ಬದಲಾಯಿಸಲು ಹೋದೆ. ಆ ಅಳತೆ ಅಂಗಡಿಯಲ್ಲಿ ಇರಲಿಲ್ಲ. "9.5-20 ಹಾಕ್ಸಿ ಯಜಮಾನ್ರೆ, ರಿಮ್ಮು ಅದೇ, ಟೈರು ಒಂಚೂರು ಅಗಲ. ಹಿಡಿತ ಚೆನ್ನಾಗಿರುತ್ತೆ" ಅಂದರು. ನನಗೂ ಸರಿ ಅನ್ನಿಸಿತು. ಮುಂದಿನ ಟೈರು ಅರ್ಧ ಸವೆದಿದ್ದವು, ಇನ್ನೆರಡು ವರ್ಷ ಬರುತ್ತವೆ ಅಂತ ಹಾಗೇ ಬಿಟ್ಟೆ.

ತೋಟದೊಳಗೆ ಏನೂ ಗೊತ್ತಾಗಲಿಲ್ಲ. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ತುಂಬಿಕೊಂಡು ಖೇಣಿದಾರರ ಮನೆಗೆ ಟಾರು ರಸ್ತೆಯಲ್ಲಿ ಓಡಾಡತೊಡಗಿದ ಮೇಲೆ ಒಂದೊಂದೇ ಶುರುವಾಯಿತು. ಫೋರ್ ವ್ಹೀಲ್ ಲಿವರು ಹಾಕಿದ್ದು ವಾಪಸು ಬರುತ್ತಿರಲಿಲ್ಲ. ಸ್ಟೇರಿಂಗು ಬಿಗಿ. ಮುಂದಿನ ಟೈರಿನ ಹಲ್ಲು ಗರಗಸದ ಹಾಗೆ ಒಂದು ಕಡೆ ಸವೆಯಿತು. ಕಡೆಗೆ ಮುಂದಿನ ಆಕ್ಸಲ್ಲಿನಲ್ಲಿ ಕಟಕಟ ಸದ್ದು. ಬಿಚ್ಚಿಸಿದಾಗ ಗೇರಿನ ಹಲ್ಲು ಹೋಗಿತ್ತು. ಆ ವರ್ಷ ಬಾಡಿಗೆಗೆ ಔಷಧಿ ಹೊಡೆದು, ಗೊಬ್ಬರ ಸಾಗಿಸಿ ದುಡಿದದ್ದೆಲ್ಲ ಅದಕ್ಕೇ ಹೋಯಿತು.

ಯಾಕೆ ಹೀಗಾಯಿತು? ಹಳೇ ಫೋರ್ ವ್ಹೀಲ್ ಜೀಪಿನಲ್ಲಿ ನಾಲ್ಕೂ ಟೈರು ಒಂದೇ ಅಳತೆ, ಹಾಗಾಗಿ ಅಲ್ಲಿ ಲೆಕ್ಕ ಸುಲಭ. ಟ್ರ್ಯಾಕ್ಟರಿನಲ್ಲಿ ಮುಂದಿನದು ಚಿಕ್ಕದು. ಅದು ಹಿಂದಿನದಕ್ಕೆ ಸರಿಸಮ ನಡೆಯಬೇಕಾದರೆ ಹೆಚ್ಚು ಸುತ್ತು ತಿರುಗಬೇಕು. ಎಷ್ಟು ಹೆಚ್ಚು ಅನ್ನುವುದನ್ನು ಕಂಪನಿಯವರು ಗೇರಿನ ಹಲ್ಲಿನಲ್ಲೇ ಕಟ್ಟಿಬಿಟ್ಟಿರುತ್ತಾರೆ. ನನ್ನ ಗಾಡಿಯಲ್ಲಿ ಹಿಂದಿನ ಚಕ್ರ 10 ಸುತ್ತು ತಿರುಗಿದರೆ ಮುಂದಿನದು 15 ಸುತ್ತು. ಲಿವರು ಹಾಕಿದ ಮೇಲೆ ಈ ಲೆಕ್ಕ ಬದಲಾಗುವುದಿಲ್ಲ. ನಾವು ಬದಲಾಯಿಸುವುದು ಟೈರಿನ ಸುತ್ತಳತೆಯನ್ನು ಮಾತ್ರ.

ಮುಂದಿನ ಚಕ್ರ ಹಿಂದಿನದಕ್ಕಿಂತ ಒಂದಿಷ್ಟು ಮುಂದಾಗಿ ಎಳೆಯಬೇಕು. ಸಾಮಾನ್ಯವಾಗಿ ಇದು ನೂರಕ್ಕೆ 1ರಿಂದ 5ರಷ್ಟು. ನಾನು ಹಿಂದಕ್ಕೆ ಎತ್ತರದ ಟೈರು ಹಾಕಿಸಿದೆ, ಮುಂದಿನದು ಸವೆದು ಗಿಡ್ಡವಾಗಿತ್ತು. ಹಿಂದಿನದು ದೊಡ್ಡ ಹೆಜ್ಜೆ ಇಡುತ್ತದೆ, ಮುಂದಿನದು ಅದಕ್ಕೆ ಸಾಲದು. ಎಳೆಯುವ ಬದಲು ಬ್ರೇಕು ಹಿಡಿದ ಹಾಗೆ ಅದು ತಡೆಯುತ್ತದೆ. ಡೀಸೆಲ್ ಸುಟ್ಟು ನಾನು ನನ್ನ ಗಾಡಿಯನ್ನೇ ಹಿಂದಕ್ಕೆ ಎಳೆಯುತ್ತಿದ್ದೆ ಅನ್ನಿ.

ಈ ಎಳೆದಾಟ ಎಲ್ಲಿಗಾದರೂ ಹೋಗಬೇಕಲ್ಲ? ನೆಲ ಮೆತ್ತಗಿದ್ದರೆ ಚಕ್ರ ಜಾರಿ ಅಲ್ಲೇ ತೀರಿಹೋಗುತ್ತದೆ. ತರೀಕೆರೆ ಕಡೆಯ ಭದ್ರಾ ನೀರಿನ ತೋಟಗಳಲ್ಲಿ, ಮಳೆ ಬಿದ್ದ ಅಜ್ಜಂಪುರದ ಎರೆ ಹೊಲದಲ್ಲಿ ತಪ್ಪು ಟೈರು ಹಾಕಿದವನೂ ಆರಾಮಾಗಿ ಓಡಿಸುತ್ತಾನೆ. ಕಡೂರಿನ ಬಯಲು ಸೀಮೆಯ ಒಣಗಿದ ಗಟ್ಟಿ ನೆಲದಲ್ಲಿ, ಟಾರು ರಸ್ತೆಯಲ್ಲಿ ನೆಲ ಬಿಟ್ಟುಕೊಡುವುದಿಲ್ಲ. ಆಗ ಬಿಟ್ಟುಕೊಡುವುದು ಗೇರು, ಇಲ್ಲವೇ ಟೈರು. "ನನ್ ಗಾಡಿಗೆ ಏನೂ ಆಗಿಲ್ಲ" ಅನ್ನುವವರ ಮಾತು ಕೇಳುವ ಮೊದಲು ಅವರ ನೆಲ ಯಾವುದು ಅಂತ ಕೇಳಿ.

ಅಳತೆ ಬದಲಾಯಿಸದಿದ್ದರೂ ಸವೆತದ ಲೆಕ್ಕ ಇದ್ದೇ ಇದೆ. ಹಿಂದಿನ 8.3-20 ಟೈರಿನ ಸುತ್ತಳತೆ ಹತ್ತಿರ ಹತ್ತಿರ 113 ಇಂಚು. ಹಲ್ಲು ಒಂದು ಇಂಚು ಸವೆದರೆ ಸುತ್ತಳತೆ ಸುಮಾರು 6 ಇಂಚು ಇಳಿಯುತ್ತದೆ. ಅಂದರೆ ನೂರಕ್ಕೆ 5ಕ್ಕಿಂತ ಹೆಚ್ಚು. ಮುಂದಿನದು ಸುಮಾರು 78 ಇಂಚು. ಅರ್ಧ ಇಂಚು ಹಲ್ಲು ಹೋದರೆ 3 ಇಂಚು ಇಳಿದು ನೂರಕ್ಕೆ 4 ಹೋಯಿತು. ಹಿಂದೆ ಹೊಸದು, ಮುಂದೆ ಬೋಳು ಆದರೆ ನನ್ನ ಕಥೆ. ಮುಂದೆ ಹೊಸದು, ಹಿಂದೆ ಬೋಳು ಆದರೆ ಮುಂದಿನದು ವಿಪರೀತ ಎಳೆದು ತಾನೇ ಬೇಗ ಸವೆಯುತ್ತದೆ. ಎರಡೂ ನಷ್ಟವೇ.

ಪರೀಕ್ಷೆಗೆ ಒಂದು ಸೀಮೆಸುಣ್ಣ ಸಾಕು. ನಾಲ್ಕೂ ಟೈರಿಗೆ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ಹಿಡಿಸಿ. ಮಟ್ಟಸವಾದ ಗಟ್ಟಿ ಮಣ್ಣಿನ ದಾರಿ ನೂರು ಅಡಿ ಬೇಕು. ಮುಂದೊಂದು ಹಿಂದೊಂದು ಟೈರಿಗೆ ಗುರುತು ಹಾಕಿ. ಟ್ರೈಲರು ಬಿಚ್ಚಿ, ಫೋರ್ ವ್ಹೀಲ್ ಹಾಕಿ, ನಿಧಾನದ ಗೇರಿನಲ್ಲಿ ನೆಟ್ಟಗೆ ಓಡಿಸಿ. ಹಿಂದಿನ ಚಕ್ರ 10 ಸುತ್ತು ಮುಗಿಸುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತು ತಿರುಗಿತು ಅಂತ ಜೊತೆಯವರು ಎಣಿಸಲಿ. ಆಮೇಲೆ ಫೋರ್ ವ್ಹೀಲ್ ತೆಗೆದು ಅದೇ ದಾರಿಯಲ್ಲಿ ಮತ್ತೊಮ್ಮೆ ಎಣಿಸಿ.

ಹಾಕಿದಾಗಿನ ಲೆಕ್ಕ ತೆಗೆದಾಗಿನದಕ್ಕಿಂತ ಸ್ವಲ್ಪ ಹೆಚ್ಚು ಬರಬೇಕು. ಹಾಕಿದಾಗ 15, ತೆಗೆದಾಗ ಹದಿನಾಲ್ಕೂವರೆ ಬಂದರೆ ನೂರಕ್ಕೆ ಸುಮಾರು ಮೂರೂವರೆ ಮುಂದಿದೆ, ಜೋಡಿ ಸರಿ. ನನಗೆ ಹಾಕಿದಾಗ 15, ತೆಗೆದಾಗ ಹದಿನೈದೂಮುಕ್ಕಾಲು ಬಂತು. ರೋಗ ಅಲ್ಲೇ ತಿಳಿಯಿತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇಂಜಿನ್ ಸದ್ದು ಕೇಳುವ ಮೊದಲು ಈ ಪರೀಕ್ಷೆ ಮಾಡಿ.

"ನಾಲ್ಕೂ ಒಟ್ಟಿಗೆ ಹಾಕಿಸೋಕೆ ದುಡ್ಡು ಎಲ್ಲಿಂದ ತರೋದು?" ಅಂತ ನೆರೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾಲ್ಕೂ ಹಾಕಿಸಲೇಬೇಕು ಅಂತ ನಾನು ಹೇಳುವುದಿಲ್ಲ. ಅಳತೆಯನ್ನು ಬದಲಾಯಿಸಬೇಡಿ, ಎಡಕ್ಕೂ ಬಲಕ್ಕೂ ಒಂದೇ ಜೊತೆ ಹಾಕಿ, ಎರಡು ಹಾಕಿಸಿದ ದಿನ ಸೀಮೆಸುಣ್ಣದ ಲೆಕ್ಕ ಮಾಡಿ. ಲೆಕ್ಕ ಕೂಡದಿದ್ದರೆ ಉಳಿದೆರಡು ಬದಲಾಯಿಸುವ ತನಕ ಫೋರ್ ವ್ಹೀಲ್ ಮುಟ್ಟಬೇಡಿ. ಜೋಡಿ ಸರಿ ಇದ್ದರೂ ಟಾರು ರಸ್ತೆಗೆ ಹತ್ತಿದ ಕೂಡಲೇ ಅದನ್ನು ತೆಗೆಯುವುದೇ ಲೇಸು. ಲಿವರು ಕಚ್ಚಿಕೊಂಡರೆ ಬಲವಂತ ಮಾಡದೆ ಗಾಡಿಯನ್ನು ನಾಲ್ಕು ಮಾರು ರಿವರ್ಸ್ ತನ್ನಿ, ಬಿಗಿ ಸಡಿಲಾಗಿ ಬಿಡುತ್ತದೆ.

ಮಾರುವವರಿಗೂ ಒಂದು ಮಾತು. ಯಾವ ಟೈರಿಗೆ ಯಾವ ಟೈರು ಜೋಡಿ ಅಂತ ಮಡ್‌ಗಾರ್ಡ್ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆಸಲು ಎಷ್ಟು ಖರ್ಚು ಬಂದೀತು? ಇಂಗ್ಲಿಷ್ ಪುಸ್ತಕದ ಕಡೆಯ ಪುಟದಲ್ಲಿ ಅಚ್ಚು ಹಾಕಿದರೆ ಅದು ನಮಗೆ ಹೇಳಿದ ಹಾಗಲ್ಲ. ಟೈರು ಅಂಗಡಿಯವರು ಅಳತೆ ಇಲ್ಲದಿದ್ದರೆ ಇಲ್ಲ ಅನ್ನಲಿ, ತರಿಸಿಕೊಡುವವರೆಗೆ ನಾವು ಕಾಯುತ್ತೇವೆ. ನಮ್ಮ ಸೊಸೈಟಿಗಳು ಗೊಬ್ಬರ ತರಿಸುವ ಹಾಗೆ ಹತ್ತು ಜನರ ಬೇಡಿಕೆ ಸೇರಿಸಿ ಟೈರನ್ನೂ ಒಟ್ಟಿಗೆ ತರಿಸಬಹುದು.

ತಪ್ಪು ನಮ್ಮದೂ ಇದೆ. ಗಾಡಿ ಕೊಳ್ಳುವಾಗ ಸಬ್ಸಿಡಿ ಎಷ್ಟು ಅಂತ ಎಲ್ಲರೂ ಕೇಳುತ್ತೇವೆ, ಟೈರಿನ ಅಳತೆ ಒಬ್ಬರೂ ಕೇಳುವುದಿಲ್ಲ. ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದ ನಾವು ಟೈರಿನ ಹಲ್ಲನ್ನೂ ನೋಡುವುದನ್ನು ಕಲಿಯಬೇಕು. ಸೀಮೆಸುಣ್ಣದ ಪರೀಕ್ಷೆ ಮಾಡಿದವರು ತಮಗೆ ಬಂದ ಲೆಕ್ಕವನ್ನು ಪತ್ರಿಕೆಗೆ ಬರೆದು ಕಳಿಸಿ. ನಾಲ್ಕು ಜನರ ಲೆಕ್ಕ ಒಂದೆಡೆ ಸೇರಿದರೆ ಅಂಗಡಿಯವರ ಮುಂದೆ ಧೈರ್ಯವಾಗಿ ಮಾತಾಡಬಹುದು.